ಹದಿನೇಳನೆಯ ಬಸಿರು

ಆ ವರ್ಷ ಏಪ್ರಿಲ್ ಒಂದನೇ ತಾರೀಖು ಬೆಳಗ್ಗೆ ಎಂಟು ಗಂಟೆಗೆ ಎರ್ಲೆನ್‌ರೋಡ ಪಟ್ಟಣದಲ್ಲಿ ಇಪ್ಪತ್ತೊಂದು ಸಾವಿರದ ಇನ್ನೂರ ಅರವತ್ತು ಜನ ಇದ್ದರು. ಇದನ್ನು ಹೇಳಿದ್ದು ನಾನಲ್ಲ, ಚರಂಡಿ.

ನಗಬೇಡಿ. ಮನುಷ್ಯ ಅರ್ಜಿಯಲ್ಲಿ ಸುಳ್ಳು ಬರೆಯುತ್ತಾನೆ, ಜನಗಣತಿಯವರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾನೆ, ಊರು ಬಿಟ್ಟು ಹತ್ತು ವರ್ಷವಾದರೂ ಕಡತದಲ್ಲಿ ಹಾಗೇ ಕೂತಿರುತ್ತಾನೆ. ಆದರೆ ಬೆಳಗ್ಗೆ ಎದ್ದು ಹೋಗಬೇಕಾದ ಕಡೆಗೆ ಹೋಗೇ ಹೋಗುತ್ತಾನೆ. ಪೂರ್ವ ಜರ್ಮನಿಯ ನಮ್ಮ ಲೌಸಿಟ್ಸ್ ಸೀಮೆಯ ಎಣಿಕೆಯೆಲ್ಲ ನಿಂತಿರುವುದು ಇದರ ಮೇಲೆ. ಪ್ರತಿ ಬೀದಿಯ ಒಳಚರಂಡಿ ಕೊಳವೆಯಲ್ಲಿ ಅಂಗೈ ಅಗಲದ ಒಂದು ಸಂವೇದಕ. ನೀರಿನಲ್ಲಿ ಕರಗಿ ಬರುವುದನ್ನೆಲ್ಲ ಅದು ಓದುತ್ತದೆ: ದೊಡ್ಡವರೆಷ್ಟು, ಮಕ್ಕಳೆಷ್ಟು, ಮುದುಕರೆಷ್ಟು. ಬಸುರಿಯ ಮೈಯಲ್ಲಿ ಮಾತ್ರ ಇರುವ ಹಾರ್ಮೋನು ಕಂಡರೆ ಒಂದು ಬಸಿರು ಅಂತ ಬರೆದುಕೊಳ್ಳುತ್ತದೆ. ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಬೀದಿ ಮಾತ್ರ ಗೊತ್ತು. ಹುಟ್ಟಿದ ಕೂಸುಗಳ ಲೆಕ್ಕವಷ್ಟೇ ಹೆರಿಗೆ ವಿಭಾಗದಿಂದ ಬರುತ್ತದೆ. ಎಲ್ಲವೂ ಬಂದು ಸೇರುವುದು ನಾನು ಕೆಲಸ ಮಾಡುವ ಎಣಿಕೆ ಕೇಂದ್ರಕ್ಕೆ. ಜರ್ಮನ್ನರು ಈ ಯಂತ್ರಕ್ಕೆ ಸೇಲರ್ ಅನ್ನುತ್ತಾರೆ, ಎಣಿಸುವವನು ಅಂತ. ನಮ್ಮ ವಿಜಯಪುರದ ಕಡೆಯವರು ಇಲ್ಲಿಗೆ ಬಂದ ವಾರದಲ್ಲೇ ಅದಕ್ಕೆ ಶ್ಯಾನುಭೋಗ ಅಂತ ಹೆಸರಿಟ್ಟರು.

ಬರೀ ಎಣಿಸಿ ಸುಮ್ಮನಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಶ್ಯಾನುಭೋಗ ಭವಿಷ್ಯವನ್ನೂ ಹೇಳುತ್ತಾನೆ. ಈಗಿನ ಓದನ್ನೂ ಹಿಂದಿನ ಮೂವತ್ತು ವರ್ಷದ ಓದನ್ನೂ ಕೂಡಿಸಿ, ಸೀಮೆಯ ಪ್ರತಿ ಪಟ್ಟಣದಲ್ಲೂ ಇನ್ನಿಪ್ಪತ್ತು ವರ್ಷಕ್ಕೆ ಎಷ್ಟು ಜನ ಉಳಿಯುತ್ತಾರೆ ಅಂತ ಒಂದು ಸಂಖ್ಯೆ ಕೊಡುತ್ತಾನೆ. ಬೆಳೆಯುವ ಊರಿಗೆ ಆಸ್ಪತ್ರೆ, ಶಾಲೆ, ರೈಲು. ಇಳಿಯುವ ಊರಿನಿಂದ ಒಂದೊಂದನ್ನೇ ಕಿತ್ತುಕೊಳ್ಳುವುದು. ಮೊದಲು ಹೋಗುವುದು ಹೆರಿಗೆ ವಿಭಾಗ. ಪಕ್ಕದ ಕಾಲ್ಟೆನೌ ಪಟ್ಟಣ ಇಪ್ಪತ್ತು ವರ್ಷದಲ್ಲಿ ಹನ್ನೊಂದು ಸಾವಿರಕ್ಕೆ ಇಳಿಯುತ್ತದೆ ಅಂದ. ಹೆರಿಗೆ ವಿಭಾಗ ಮುಚ್ಚಿದರು. ಹೆರುವ ವಯಸ್ಸಿನವರು ಊರು ಬಿಟ್ಟರು, ಅವರ ಹಿಂದೆ ಶಾಲೆ ಹೋಯಿತು, ಶಾಲೆಯ ಹಿಂದೆ ರೈಲು. ಆರೇ ವರ್ಷದಲ್ಲಿ ಹನ್ನೊಂದು ಸಾವಿರವಾಯಿತು. ಸೇಲರ್ ಹೇಳಿದ್ದು ನಿಜವಾಯಿತು ಅಂತ ನಮ್ಮ ಕೇಂದ್ರದಲ್ಲಿ ಕೇಕು ಹಂಚಿದರು. ನಾನೂ ತಿಂದೆ. ಚೆನ್ನಾಗಿಯೇ ಇತ್ತು.

ಎರ್ಲೆನ್‌ರೋಡ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ. ಕಲ್ಲಿದ್ದಲಿನ ಕಾಲದಲ್ಲಿ ಐವತ್ತೊಂದು ಸಾವಿರ ಜನರಿದ್ದ ಊರು, ಗಣಿ ಮುಚ್ಚಿ ಕೆರೆಯಾದ ಮೇಲೆ ಹದಿನೆಂಟು ಸಾವಿರಕ್ಕೆ ಇಳಿದು, ಮತ್ತೆ ಮೇಲೆದ್ದಿತ್ತು. ಎದ್ದದ್ದು ನಮ್ಮಿಂದ. ಇಲ್ಲಿನ ಮುದುಕರನ್ನು ನೋಡಿಕೊಳ್ಳಲು ವಿಜಯಪುರ, ಬಾಗಲಕೋಟೆ, ಕಲಬುರಗಿಯ ನರ್ಸಿಂಗ್ ಕಾಲೇಜುಗಳಿಂದ ಹುಡುಗಿಯರನ್ನು ಕರೆಸಿಕೊಂಡಿದ್ದರು. ಅವರ ಬೆನ್ನು ಹಿಡಿದು ಗಂಡಂದಿರು ಬಂದೆವು. ಒಟ್ಟು ನಾನೂರು ಮನೆ, ಅರ್ಧಕ್ಕರ್ಧ ಕಾಸ್ಟಾನಿಯನ್ ಬೀದಿಯ ಹಳೆಯ ಗಣಿ ಕಾರ್ಮಿಕರ ಕಟ್ಟಡಗಳಲ್ಲಿ. ನಾನು ಮಲ್ಲಿನಾಥ ಬಿರಾದಾರ, ಸಂಖ್ಯಾಶಾಸ್ತ್ರ ಓದಿದವನು. ನನ್ನ ಹೆಂಡತಿ ದಾನಮ್ಮ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಆ ಬೇಸಿಗೆಯಲ್ಲಿ ಅವಳಿಗೇ ಐದು ತಿಂಗಳು. ಚೊಚ್ಚಲು.

*

ಜುಲೈ ತಿಂಗಳ ಒಂದು ಸೋಮವಾರ ನಮ್ಮ ಮುಖ್ಯಸ್ಥ ಹೆರ್ ಟೀಲೆ ನನ್ನನ್ನು ದೊಡ್ಡ ಪರದೆಯ ಮುಂದೆ ಕರೆದರು. ಒಳ್ಳೆಯ ಮನುಷ್ಯ, ಕೈಕೆಳಗಿನವರಿಗೆ ತಾವೇ ಕಾಫಿ ತಂದುಕೊಡುವವರು.

“ನಿಮ್ಮ ಊರಿನಲ್ಲಿ ಬಸಿರುಗಳು ಕಾಣೆಯಾಗುತ್ತಿವೆ” ಎಂದರು.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅರ್ಧ ವರ್ಷದ ಎಣಿಕೆಗೆ ಎರ್ಲೆನ್‌ರೋಡದಲ್ಲಿ ಎಂಬತ್ತು ಬಸಿರು ದಾಖಲಾಗಿದ್ದವು. ಅದರಲ್ಲಿ ಹನ್ನೊಂದು, ಏಳು ತಿಂಗಳ ತನಕ ಸರಿಯಾಗಿ ಬೆಳೆದು, ಒಂದು ದಿನ ಚರಂಡಿಯಿಂದ ಮಾಯವಾಗಿದ್ದವು. ಹೆರಿಗೆ ವಿಭಾಗದಲ್ಲಿ ಅವಕ್ಕೆ ಸರಿಯಾಗಿ ಒಂದು ಕೂಸೂ ಹುಟ್ಟಿರಲಿಲ್ಲ. ಶ್ಯಾನುಭೋಗನ ಬುದ್ಧಿಗೆ ಇದಕ್ಕೆ ಎರಡೇ ಅರ್ಥ: ಆ ಊರಿನಲ್ಲಿ ಹೆರಲು ಹೆದರಿ ಹೆಂಗಸು ಓಡಿಹೋದಳು, ಇಲ್ಲವೇ ಕೂಸು ಉಳಿಯಲಿಲ್ಲ. ಎರಡಕ್ಕೂ ಅವನು ಬರೆಯುವುದು ಒಂದೇ ಪದ, ನಷ್ಟ. ನಷ್ಟ ಐದರಲ್ಲಿ ಒಂದು ಪಾಲನ್ನು ದಾಟಿದರೆ ಆ ಹೆರಿಗೆ ವಿಭಾಗ ಅಪಾಯದ್ದು ಅಂತ ಮುಚ್ಚಬೇಕು. ಎಂಬತ್ತಕ್ಕೆ ಹದಿನಾರರವರೆಗೆ ಪರವಾಗಿಲ್ಲ. ಹದಿನೇಳು ಆದರೆ ಮುಗಿಯಿತು.

“ಕೆರೆಯ ನೀರಿನಲ್ಲಿ ಹಳೆಯ ಗಣಿಯ ವಿಷ ಉಳಿದಿರಬಹುದೇ?” ಎಂದು ಕೇಳಿದರು ಟೀಲೆ. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

ನನಗೆ ನಗು ಬಂತು. ಆ ಹನ್ನೊಂದು ಜನ ಎಲ್ಲಿದ್ದಾರೆ ಅಂತ ನನಗೆ ಗೊತ್ತಿತ್ತು. ಒಬ್ಬಳು ಇಂಡಿಯಲ್ಲಿ, ಇಬ್ಬರು ಮುದ್ದೇಬಿಹಾಳದಲ್ಲಿ, ಒಬ್ಬಳು ಜಮಖಂಡಿಯಲ್ಲಿ, ಉಳಿದವರು ಅಲ್ಲೇ ಸುತ್ತಮುತ್ತಲಿನ ಊರುಗಳಲ್ಲಿ, ಅವ್ವನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ಆರಾಮವಾಗಿದ್ದರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಅದು ಯಾರೂ ಕೇಳುವ ಪ್ರಶ್ನೆಯೇ ಅಲ್ಲ. ಎಂಟು ತಿಂಗಳಾದರೆ ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ, ಆದ್ದರಿಂದ ಏಳರಲ್ಲೇ ಹೊರಡುತ್ತಾರೆ. ಬಾಣಂತನ ಮುಗಿಸಿ, ಐದಾರು ತಿಂಗಳ ಕೂಸನ್ನು ಎತ್ತಿಕೊಂಡು ಬರುತ್ತಾರೆ. ಆ ಕೂಸನ್ನು ಶ್ಯಾನುಭೋಗ ಹುಟ್ಟಿದವರ ಸಾಲಿನಲ್ಲಿ ಬರೆಯುವುದಿಲ್ಲ, ಬಂದವರ ಸಾಲಿನಲ್ಲಿ ಬರೆಯುತ್ತಾನೆ. ಬಂದವರು ಹೋಗಬಹುದು, ಹುಟ್ಟಿದವರು ಉಳಿಯುತ್ತಾರೆ ಅನ್ನುವುದು ಅವನ ಶಾಸ್ತ್ರ. ಮೊದಮೊದಲು ನಮ್ಮವರು ನಾಲ್ಕಾರು ಮನೆ ಇದ್ದಾಗ ಇದು ಲೆಕ್ಕಕ್ಕೇ ಬಂದಿರಲಿಲ್ಲ.

ಇನ್ನೊಂದು ಮಾತೂ ಹೇಳಿಬಿಡಬೇಕು. ತಿಂಗಳ ಕೊನೆಗೆ ಯಂತ್ರದ ಓದನ್ನು ಒಬ್ಬ ಮನುಷ್ಯ ನೋಡಿ ಒಪ್ಪಬೇಕು ಅಂತ ಕಾನೂನಿದೆ. ಪರದೆಯ ಮೇಲೆ ‘ಓದು ಸರಿಯೇ?’ ಅಂತ ಬರುತ್ತದೆ, ಕೆಳಗೆ ‘ಹೌದು’, ‘ಅಲ್ಲ’. ಅಲ್ಲ ಎಂದರೆ ಹನ್ನೆರಡು ಪುಟದ ಸಮಜಾಯಿಷಿ ಬರೆಯಬೇಕು. ಎರ್ಲೆನ್‌ರೋಡದ ಬೀದಿಗಳನ್ನು ನೋಡುವವನು ನಾನು. ಆರು ವರ್ಷದಿಂದ ಹೌದು ಒತ್ತುತ್ತಾ ಬಂದಿದ್ದೆ.

ಈಗ ಟೀಲೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

“ಇದು ನಿಮಗೆ ಹೇಗೆ ಗೊತ್ತು?”

“ನನ್ನ ನೆರೆಹೊರೆಯವರು. ನಮ್ಮ ಜನ.”

“ಹಾಗಾದರೆ ಸಂಖ್ಯೆಯ ಹಿಂದಿನ ಮನುಷ್ಯರನ್ನು ನೀವು ಗುರುತಿಸಿದ್ದೀರಿ. ಅದು ಅಪರಾಧ, ಬಿರಾದಾರ್. ನಾನು ಇದನ್ನು ಕೇಳಿಸಿಕೊಂಡಿಲ್ಲ.”

“ಒಂದು ಸಾಲು ಸೇರಿಸಿದರೆ ಸಾಕು. ಈ ಬೀದಿಯ ಹೆಂಗಸರು ಹೆರಿಗೆಗೆ ತಾಯಿಯ ಮನೆಗೆ ಹೋಗುತ್ತಾರೆ ಅಂತ.”

“ಯಾವ ಮೂಲದ ಹೆಂಗಸರು? ಅದನ್ನೂ ಬರೆಯಬೇಕಲ್ಲ?” ಅವರು ಮೆಲ್ಲಗೆ ಹೇಳಿದರು. “ಈ ದೇಶದಲ್ಲಿ ಒಂದು ಸಲ ಜನರ ಮೂಲ ನೋಡಿ ಪಟ್ಟಿ ಮಾಡಿದ್ದರು. ಆ ಪಟ್ಟಿ ಎಲ್ಲಿಗೆ ಹೋಯಿತು ಅಂತ ನಿಮಗೂ ಗೊತ್ತು. ಇನ್ನೆಂದೂ ಅಂಥದ್ದನ್ನು ಬರೆಯುವುದಿಲ್ಲ ಅಂತ ನಾವು ಮಾತು ಕೊಟ್ಟುಕೊಂಡಿದ್ದೇವೆ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಇವತ್ತಿಗೂ ಆಗಿಲ್ಲ. ಅದಕ್ಕೇ ಹೊಟ್ಟೆ ಉರಿಯುತ್ತದೆ.

*

ಕಾಸ್ಟಾನಿಯನ್ ಬೀದಿಯಲ್ಲಿ ಸೆಪ್ಟೆಂಬರ್ ಮೂವತ್ತರೊಳಗೆ ತವರಿಗೆ ಹೊರಡಲಿದ್ದವರು ದಾನಮ್ಮನೂ ಸೇರಿ ಒಂಬತ್ತು ಜನ. ಬೇರೆ ಬೀದಿಗಳಲ್ಲಿ ಯಾರೂ ಇರಲಿಲ್ಲ. ಒಂಬತ್ತರಲ್ಲಿ ನಾಲ್ವರು ನಿಂತರೆ ಉಳಿದ ಐವರು ಹೋಗಬಹುದು. ಹನ್ನೊಂದಕ್ಕೆ ಐದು ಸೇರಿ ಹದಿನಾರು. ಹೆರಿಗೆ ವಿಭಾಗ ಉಳಿಯುತ್ತದೆ. ನಾಲ್ವರು ಸಾಕು ಅಂತ ಬಸ್ಸಿನಲ್ಲಿ ಕೂತು ಬೆರಳು ಮಡಿಚಿ ಎಣಿಸಿದೆ.

ದಾನಮ್ಮನನ್ನು ಕರೆದುಕೊಂಡು ಹೋಗಲು ಆಸ್ಪತ್ರೆಯ ಹತ್ತಿರ ಇಳಿದಾಗ ಹೆರಿಗೆ ವಿಭಾಗದ ಹಿರಿಯ ಸೂಲಗಿತ್ತಿ ಫ್ರೌ ನೊವಾಕ್ ಬಾಗಿಲಲ್ಲೇ ನಿಂತಿದ್ದರು. ಮೂವತ್ತೊಂದು ವರ್ಷದಿಂದ ಈ ಊರಿನ ಕೂಸುಗಳನ್ನು ಕೈಯಲ್ಲಿ ಹಿಡಿದವರು.

“ನಿಮ್ಮ ಹೆಂಗಸರು ಆರು ತಿಂಗಳು ನನ್ನ ಹತ್ತಿರ ತಪಾಸಣೆ ಮಾಡಿಸಿಕೊಳ್ಳುತ್ತಾರೆ. ಏಳನೇ ತಿಂಗಳಿಗೆ ಇಲ್ಲ” ಎಂದರು. “ನನ್ನ ಕೈಯ ಮೇಲೆ ಅವರಿಗೆ ನಂಬಿಕೆ ಇಲ್ಲವೇ?”

“ಹಾಗಲ್ಲ, ಫ್ರೌ ನೊವಾಕ್. ಅವರಿಗೆ ಅವ್ವ ಬೇಕು.”

“ಅವ್ವನನ್ನೇ ಇಲ್ಲಿಗೆ ಕರೆಸಿಕೊಳ್ಳಬಹುದಲ್ಲ?”

ಕರೆಸಿಕೊಳ್ಳುವಂತಿಲ್ಲ. ಐವತ್ತೈದು ದಾಟಿದವರಿಗೆ ಈ ಸೀಮೆಯ ವೀಸಾ ಸಿಗುವುದಿಲ್ಲ. ಮುದುಕರು ಬೇಕಾದಷ್ಟಿದ್ದಾರೆ, ಇನ್ನೂ ಬಂದರೆ ಊರಿನ ಸಂಖ್ಯೆ ಕೆಡುತ್ತದೆ ಅಂತ ಹೇಳಿದವನೂ ಶ್ಯಾನುಭೋಗನೇ. ಫ್ರೌ ನೊವಾಕ್‌ಗೆ ಇದು ಗೊತ್ತಿರಲಿಲ್ಲ. ಹೇಳಿದ ಮೇಲೆ ಅವರು ಒಳಗೆ ಹೋದರು.

ಆಗಸ್ಟ್ ಮೊದಲ ಭಾನುವಾರ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಒಂಬತ್ತು ಜನರಿಗೂ ಕೂಡಿಸಿ ಕುಬಸ, ಅಂದರೆ ಸೀಮಂತ, ಮಾಡಿದೆವು. ನಿಜವಾಗಿ ತವರಿನವರು ಮಾಡಬೇಕಾದ ಶಾಸ್ತ್ರ. ಇಲ್ಲಿ ನಾವು ನಾವೇ ಒಬ್ಬರಿಗೊಬ್ಬರು ತವರು. ಒಂಬತ್ತು ಹಸಿರು ಸೀರೆ, ಹಸಿರು ಬಳೆ. ಉಡಿ ತುಂಬಿ, ಆರತಿ ಎತ್ತಿ, ಶೇಂಗಾ ಹೋಳಿಗೆ ಬಡಿಸಿದ ಮೇಲೆ ನಾನು ಎದ್ದು ನಿಂತೆ. ಎಲ್ಲ ಹೇಳಿದೆ. ನಾಲ್ವರು ಇಲ್ಲೇ ಹೆತ್ತರೆ ಇನ್ನು ಮುಂದೆ ಎಲ್ಲರಿಗೂ ಹೆರಿಗೆ ವಿಭಾಗ ಇರುತ್ತದೆ, ಇಲ್ಲದಿದ್ದರೆ ಎಪ್ಪತ್ತು ಕಿಲೋಮೀಟರ್ ದೂರದ ನಗರಕ್ಕೆ ಓಡಬೇಕು ಅಂದೆ.

“ಅಣ್ಣಾರ, ನಿಮ್ಮ ಶ್ಯಾನುಭೋಗನ ಸಂಬಂಧ ನಾವು ತವರ ಬಿಡಬೇಕೇನ್ರಿ?” ಅಂದಳು ರೇಣುಕಾ ಅಂತ ಒಬ್ಬಳು. ಎಲ್ಲರೂ ನಕ್ಕರು.

ನಗದೆ ಕೂತಿದ್ದವಳು ನಮ್ಮ ಪಕ್ಕದ ಮನೆಯ ನೀಲಗಂಗಾ. ಮಿತಭಾಷಿ, ಮುದುಕರ ಆರೈಕೆ ಮನೆಯಲ್ಲಿ ಕೆಲಸ. “ನಾ ನಿಂದರ್ತೀನ್ರಿ” ಅಂದಳು. “ಎರಡನೇದಕ್ಕ ತವರ ಕರಿಯಂಗಿಲ್ಲ. ಅವಾಗರೆ ಇಲ್ಲೇ ದವಾಖಾನಿ ಬೇಕಲ್ರಿ.”

ಅವಳ ಮಾತು ಕೇಳಿ ಇನ್ನಿಬ್ಬರು ಒಪ್ಪಿದರು. ಹೊರಡುವ ಹೊತ್ತಿಗೆ ರೇಣುಕಾ ಕೂಡ “ಆತು ಬಿಡ್ರಿ, ನಾನೂ ನಿಂದರ್ತೀನಿ. ನಮ್ಮವ್ವನ ಕಡೆ ನೀವ ಬೈಸಿಕೋರಿ” ಅಂದಳು. ನಾಲ್ವರಾದರು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಮೂರು ಹೋಳಿಗೆ ಹೆಚ್ಚಿಗೆ ತಿಂದೆ.

*

ಮನೆಗೆ ಬಂದ ಮೇಲೆ ದಾನಮ್ಮ ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟಳು.

“ನನ್ನ ಸುದ್ದಿ ಏನ್ರಿ?” ಅಂದಳು. “ನಾ ಹೋಗಲೋ, ನಿಂದರಲೋ?”

“ನಿನಗ ಏನ ಅನಸ್ತೈತಿ?”

“ನನಗೇನ ಅನಸ್ತೈತಿ ಅಂತ ನಿಮಗ ಗೊತ್ತೈತಿ. ಇಲ್ಲಿ ಎಷ್ಟ ಹೆರಿಗಿ ಮಾಡಿಸೀನಿ. ಕೂಸು ಹುಟ್ಟತೈತಿ, ಮೂರ ದಿನಕ್ಕ ಮನಿಗೆ ಕಳಸ್ತೀವಿ. ಮನ್ಯಾಗ ಆಕಿ ಒಬ್ಬಾಕಿನ, ಕೂಸಿನ ಸಂಗಟ ತಾನೂ ಅಳಕೋತ ಕುಂದರತಾಳ. ನನಗ ಹಂಗ ಬ್ಯಾಡ್ರಿ. ನನಗ ನಮ್ಮವ್ವ ಬೇಕು.” ಬಳೆಗಳನ್ನು ಒಂದು ಕಡೆ ಸರಿಸಿ ಹೇಳಿದಳು: “ಆದ್ರ ನೀವು ನಿಂದ್ರು ಅಂದ್ರ ನಿಂದರ್ತೀನಿ. ಅನ್ರಿ.”

ಅಷ್ಟರಲ್ಲಿ ಸಿಂದಗಿಯಿಂದ ಅತ್ತೆಯ ಫೋನು ಬಂತು. ಪರದೆಯ ಮೇಲೆ ತೊಟ್ಟಿಲು ತೋರಿಸಿದರು. ದಾನಮ್ಮ ಮಲಗಿದ್ದ ತೊಟ್ಟಿಲೇ, ಹೊಸ ಬಣ್ಣ ಹೊಡೆಸಿದ್ದರು. “ಅಳಿಯಾರ, ಬಾಣಂತಿ ಖೋಲಿಗೆ ಸುಣ್ಣಾ ಹಚ್ಚಿಸೀನ್ರಿ. ಯಾವತ್ತ ಕಳಸ್ತೀರಿ?” ಅಂದರು.

ನಾಲ್ವರು ಆಗಿದ್ದರಲ್ಲ. ಐದನೆಯವಳು ಬೇಕಿರಲಿಲ್ಲ. ಲೆಕ್ಕದವನು ನಾನು, ಇಂಥ ಕಡೆ ಒಂದನ್ನು ಹೆಚ್ಚಿಗೆ ಇಟ್ಟುಕೊಂಡಿರಬೇಕು ಅನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ದಾನಮ್ಮ ಆ ತೊಟ್ಟಿಲನ್ನು ನೋಡುತ್ತಿದ್ದಳು. ನನ್ನ ಹೆಂಡತಿಗೆ ಮಾತ್ರ ಅವ್ವ ಸಿಗಲಿ ಅನ್ನುವ ಆಸೆ ನನಗಾಯಿತು.

“ಸೆಪ್ಟೆಂಬರ್ ಹತ್ತಕ್ಕ ಕಳಸ್ತೀನ್ರಿ” ಅಂದೆ.

ಹತ್ತನೇ ತಾರೀಖು ಅವಳನ್ನು ವಿಮಾನ ಹತ್ತಿಸಿ ಬಂದೆ. ಹದಿನೈದಕ್ಕೆ ರೇಣುಕಾ ಮೆಟ್ಟಿಲ ಮೇಲೆ ಎದುರಾದಳು. ಹಿಂದೆ ಅವಳ ಗಂಡ, ಎರಡು ದೊಡ್ಡ ಸೂಟ್‌ಕೇಸು.

“ರೇಣುಕಾ, ನೀ ನಿಂದರ್ತೀನಿ ಅಂದಿದ್ದೆಲ್ಲ?”

“ಅಂದಿದ್ದೆ ಅಣ್ಣಾರ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ನಿಮ್ಮ ಹೆಂಡ್ತಿ ದವಾಖಾನ್ಯಾಗ ಇರೋಕಿ, ಆಕೀನ ತವರಿಗೆ ಹ್ವಾದ ಮ್ಯಾಲ ನನಗ್ಯಾಕ್ರಿ ಈ ಉಸಾಬರಿ?”

ಒಂದು ಸೂಟ್‌ಕೇಸು ಎತ್ತಿಕೊಂಡು ಅವರ ಜೊತೆ ಕೆಳಗಿನವರೆಗೆ ಇಳಿದೆ. ಏನಾದರೂ ಮಾಡಬೇಕಲ್ಲ.

*

ಸೆಪ್ಟೆಂಬರ್ ಮೂವತ್ತರ ಮಧ್ಯಾಹ್ನ ಎಣಿಕೆ ಮುಚ್ಚಿತು. ಕಾಸ್ಟಾನಿಯನ್ ಬೀದಿ: ಹೊಸ ನಷ್ಟ ಆರು. ಎರ್ಲೆನ್‌ರೋಡ ಒಟ್ಟು: ಹದಿನೇಳು. ಓದು ಸರಿಯೇ?

ಅಲ್ಲ ಒತ್ತಿದೆ. ಹನ್ನೆರಡು ಪುಟ ಬರೆದೆ. ಯಾರ ಹೆಸರೂ ಹಾಕದೆ, ಯಾವ ದೇಶದ ಹೆಸರೂ ಹಾಕದೆ, ತಾಯಿ ಅನ್ನುವ ಪದವನ್ನು ಹತ್ತು ಕಡೆ ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು: ಕಾರಣವನ್ನು ದತ್ತಾಂಶದಿಂದ ತೋರಿಸಲಾಗಿಲ್ಲ, ಓದು ಸರಿ ಎಂದು ಪರಿಗಣಿಸಲಾಗಿದೆ. ಟೀಲೆ ಅದನ್ನು ನನ್ನ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಕಾಫಿಯನ್ನೂ ಇಟ್ಟು ಹೋದರು.

ಜನವರಿಗೆ ಹೆರಿಗೆ ವಿಭಾಗ ಮುಚ್ಚಿತು. ಅದಕ್ಕೆ ಮುಂಚೆ, ಡಿಸೆಂಬರಿನಲ್ಲಿ ನೀಲಗಂಗಾ ಅಲ್ಲಿ ಗಂಡು ಹೆತ್ತಳು. ಅವ್ವ ಇಲ್ಲ, ದಾನಮ್ಮನೂ ಇಲ್ಲ, ಫ್ರೌ ನೊವಾಕ್ ಅವರ ಕೈ ಹಿಡಿದುಕೊಂಡು ಹೆತ್ತಳು. ಆ ಕೋಣೆಯಲ್ಲಿ ಹುಟ್ಟಿದ ಕೊನೆಯ ಕೂಸುಗಳಲ್ಲಿ ಅದೊಂದು. ಫ್ರೌ ನೊವಾಕ್ ಫೆಬ್ರುವರಿಯಲ್ಲಿ ಮಗಳ ಊರಿಗೆ ಹೋದರು. ಮರುದಿನ ಬೆಳಗ್ಗೆ ಅವರ ಬೀದಿಯಲ್ಲಿ ಒಂದು ಕಡಿಮೆಯಾಯಿತು.

ದಾನಮ್ಮ ಮೇ ತಿಂಗಳಲ್ಲಿ ನಮ್ಮ ಮಗಳನ್ನು ಎತ್ತಿಕೊಂಡು ಬಂದಳು. ದುಂಡಗಿನ ಕೂಸು, ಮೈತುಂಬ ಎಣ್ಣೆಯ ಘಮ. ತಿಂಗಳ ಕೊನೆಗೆ ಪರದೆಯ ಮೇಲೆ ನೋಡಿದೆ. ಬಂದವರು: ದೊಡ್ಡವರು ಒಂದು, ಕೂಸು ಒಂದು. ಓದು ಸರಿಯೇ? ನನ್ನ ಮಗಳು ಅಂತ ಬರೆಯಲು ಅಲ್ಲಿ ಜಾಗ ಇರಲಿಲ್ಲ. ಹೌದು ಒತ್ತಿದೆ.

ದಾನಮ್ಮನಿಗೆ ಅದೇ ಆಸ್ಪತ್ರೆಯಲ್ಲಿ, ಅದೇ ಕೋಣೆಯಲ್ಲಿ ಕೆಲಸ ಸಿಕ್ಕಿತು. ಆದರೆ ಅಲ್ಲಿ ಈಗ ಮುದುಕರ ಹಾಸಿಗೆಗಳು. ಕೂಸುಗಳಿಗೆ ಇಟ್ಟಿದ್ದ ಸಣ್ಣ ತೂಕದ ಯಂತ್ರವನ್ನು ಯಾರೋ ಅಡುಗೆಮನೆಗೆ ಒಯ್ದಿದ್ದರು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನೀಲಗಂಗಾ ಕೂಡ ಏನೂ ಅನ್ನಲಿಲ್ಲ. ಆದರೆ ಹಬ್ಬಕ್ಕೆ ಹೋಳಿಗೆ ಕೊಡಲು ಬಂದರೆ ದಾನಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದಳು, ನಾನು ಒಬ್ಬನೇ ಇದ್ದರೆ ಬರುತ್ತಿರಲಿಲ್ಲ.

ಕಾಲ್ಟೆನೌನಲ್ಲಿ ಆದದ್ದೇ ಇಲ್ಲೂ ಆಗತೊಡಗಿತು. ಬಸುರಿ ಹೆಂಗಸರಿದ್ದ ಮನೆಗಳು ನಗರಕ್ಕೆ ಹೊರಟವು, ನಮ್ಮವರೂ ಹೊರಟರು. ಇಪ್ಪತ್ತೊಂದು ಸಾವಿರ ಇಪ್ಪತ್ತಾಯಿತು, ಹತ್ತೊಂಬತ್ತೂವರೆಯಾಯಿತು.

*

ಎರಡು ವರ್ಷದ ಮೇಲೆ ಜನವರಿಯಲ್ಲಿ ನೀಲಗಂಗಾಗೆ ಎರಡನೆಯದು ದಿನ ತುಂಬಿತ್ತು. ಎರಡನೆಯದಕ್ಕೆ ತವರು ಕರೆಯುವುದಿಲ್ಲ. ಆಕೆಯೇ ಅಂದಿದ್ದ ಮಾತು.

ಆ ಬೆಳಗ್ಗೆ ಮಳೆ ಬೀಳುತ್ತಲೇ ಹೆಪ್ಪುಗಟ್ಟಿ ರಸ್ತೆಯೆಲ್ಲ ಗಾಜಾಗಿತ್ತು. ಆಂಬುಲೆನ್ಸು ನಗರದಿಂದ ಬರಬೇಕು, ಎರಡು ಗಂಟೆ ಆಗುತ್ತದೆ ಅಂದರು. ನೀಲಗಂಗಾಳ ಗಂಡ ಕಾರು ತೆಗೆದ. ದಾನಮ್ಮ ಹಿಂದೆ ಕೂತಳು. ನಾನು ಮೊದಲ ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ, ಕಾರು ಬೀದಿಯ ತಿರುವಿನಲ್ಲೇ ಎರಡು ಸಲ ಜಾರಿತು.

ನಲವತ್ತನೇ ಕಿಲೋಮೀಟರಿನ ಹತ್ತಿರ ಕಾರಿನಲ್ಲೇ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಹೆರಿಗೆ ಕೋಣೆಯಲ್ಲಾಗಿದ್ದರೆ ಗೋಡೆಗೇ ಆಮ್ಲಜನಕದ ಕೊಳವೆ ಇರುತ್ತಿತ್ತು, ಬೆಚ್ಚಗಿನ ಮೇಜು ಇರುತ್ತಿತ್ತು, ಇನ್ನೆರಡು ಕೈ ಇರುತ್ತಿದ್ದವು. ಕಾರಿನಲ್ಲಿ ದಾನಮ್ಮನ ಬಾಯಿ ಮತ್ತು ಎರಡು ಬೆರಳು ಇದ್ದವು. ಅರ್ಧ ಗಂಟೆ ಬಿಡದೆ ಊದಿದಳಂತೆ.

ಅವಳು ಮನೆಗೆ ಬಂದಾಗ ಸಂಜೆ ನಾಲ್ಕು. ಕೋಟು ತೆಗೆಯದೆ ಸಿಂಕಿನ ಹತ್ತಿರ ನಿಂತು ಕೈ ತೊಳೆಯುತ್ತಲೇ ಇದ್ದಳು. ನಮ್ಮ ಮಗಳು ಹೋಗಿ ಅವಳ ಕಾಲು ತಬ್ಬಿಕೊಂಡಳು. ದಾನಮ್ಮ ತಿರುಗಲಿಲ್ಲ.

“ನೀಲಗಂಗಾ ಹ್ಯಾಂಗದಾಳ?” ಅಂದೆ.

“ಅದಾಳ.” ನೀರು ಬಿಟ್ಟೇ ಇತ್ತು. “ಅವತ್ತ ನಾ ಕೇಳಿದ್ದೆ. ನಿಂದ್ರು ಅನ್ರಿ ಅಂತ.”

“ಹೌದು.”

“ನಿಮ್ಮ ಬಾಯಾಗಿಂದ ಆ ಒಂದ ಮಾತು ಬರಲಿಲ್ಲ. ಬರದಿದ್ದಕ್ಕ ನನಗ ಎಷ್ಟ ಸಂತೋಷ ಆಗಿತ್ರಿ ಅವಾಗ.” ಹತ್ತಿರ ಹೋದೆ. ಮುಟ್ಟಲು ಧೈರ್ಯ ಬರಲಿಲ್ಲ.

“ಇದನ್ನ ಏನಂತ ಬರೀತಾನ ನಿಮ್ಮ ಶ್ಯಾನುಭೋಗ?” ಅಂದಳು.

“ನಷ್ಟ. ಒಂದು.”

“ಈ ಸಲ ಖರೇ ಬರೀತಾನ ಬಿಡ್ರಿ” ಅಂದು ನಲ್ಲಿ ನಿಲ್ಲಿಸಿದಳು.

ತಿಂಗಳ ಕೊನೆಗೆ ಅದು ಪರದೆಯ ಮೇಲೆ ಬಂತು. ಕಾಸ್ಟಾನಿಯನ್ ಬೀದಿ, ನಷ್ಟ ಒಂದು. ಓದು ಸರಿಯೇ? ಟೀಲೆ ಹಿಂದಿನ ಮೇಜಿನಲ್ಲಿ ಏನೋ ಟೈಪು ಮಾಡುತ್ತಿದ್ದರು. ಎಂಟು ವರ್ಷದಲ್ಲಿ ನಮ್ಮ ಬೀದಿಯ ಆ ಸಾಲಿಗೆ ಎಷ್ಟು ಸಲ ಒಪ್ಪಿಗೆ ಕೊಟ್ಟಿದ್ದೆನೋ, ಎಲ್ಲವೂ ಸುಳ್ಳಿಗೆ. ಇದೊಂದು ನಿಜವಾಗಿತ್ತು. ಹೌದು ಒತ್ತಿದೆ.